ಮೂರು ಬೆರಳು ಹಿಡಿಸದ ಬಾಯಿ: ಅಡಿಕೆ ಜಗಿತ ದವಡೆಯನ್ನು ಬಿಗಿಯುವ ಬಗೆ

ಸಂಜೆಯ ಹೊತ್ತು ಮಂಡಕ್ಕಿಯ ಜೊತೆ ಮೆಣಸಿನಕಾಯಿ ಬಜ್ಜಿ ತಿನ್ನುವುದು ದಾವಣಗೆರೆಯಲ್ಲಿ ಮನೆಮನೆಯ ರೂಢಿ. ಇಂಥ ಊರಿನಲ್ಲಿ, ನಿನ್ನೆಯವರೆಗೆ ಸಲೀಸಾಗಿ ತಿನ್ನುತ್ತಿದ್ದ ಖಾರವೇ ಇಂದು ಬಾಯಿಗೆ ಕೆಂಡ ಇಟ್ಟಂತೆ ಉರಿಯತೊಡಗಿದರೆ ಜನ ಮೆಣಸಿನಕಾಯಿಯನ್ನು ದೂರುತ್ತಾರೆಯೇ ಹೊರತು ಅದಕ್ಕೂ ಹಿಂದಿನಿಂದ ವರ್ಷಗಟ್ಟಲೆ ಜಗಿಯುತ್ತ ಬಂದ ಅಡಿಕೆಯನ್ನಲ್ಲ. ಆ ಉರಿಯನ್ನು ಕಡೆಗಣಿಸಿ ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ರೊಟ್ಟಿಯ ತುತ್ತನ್ನು ಚಿಕ್ಕದು ಮಾಡಿಕೊಳ್ಳಬೇಕಾಗುತ್ತದೆ, ಹಲ್ಲುಜ್ಜುವ ಬ್ರಷ್ ಹಿಂದಿನ ದವಡೆ ಹಲ್ಲಿಗೆ ತಲುಪದಾಗುತ್ತದೆ, ಕೊನೆಗೆ ದಂತ ವೈದ್ಯರ ಕುರ್ಚಿಯಲ್ಲಿ ಕುಳಿತು "ಬಾಯಿ ಪೂರಾ ತೆಗಿಯಾಕೆ ಆಗ್ತಿಲ್ಲ" ಎಂದು ಹೇಳಬೇಕಾಗುತ್ತದೆ.

ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿಯ ಒಳಪದರದ ಕೆಳಗೆ ನಾರು ಕಟ್ಟಿಕೊಳ್ಳುವ ಕಾಯಿಲೆ ಎಂಬುದು ಈ ಉದ್ದನೆಯ ಹೆಸರಿನ ನೇರ ಅರ್ಥ. ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ, ಭೀಮಸಮುದ್ರದ ಸುತ್ತಲಿನ ಸಾವಿರಾರು ಮನೆಗಳು ಅಡಿಕೆಯಿಂದಲೇ ಮಕ್ಕಳನ್ನು ಓದಿಸಿವೆ, ಮದುವೆ ಮಾಡಿವೆ. ಆದ್ದರಿಂದ ಅಡಿಕೆ ಮತ್ತು ಆರೋಗ್ಯದ ಮಾತು ಪತ್ರಿಕೆಯಲ್ಲಿ ಬಂದಾಗಲೆಲ್ಲ ಇಲ್ಲಿ ಆತಂಕ ಹುಟ್ಟುವುದು ಸಹಜ. ಅಂಥ ಮನೆಗಳ ನಡುವೆಯೇ ಬೆಳೆದವನಾದ್ದರಿಂದ ಆ ಆತಂಕ ನನಗೂ ಹೊರಗಿನದಲ್ಲ. ಆದರೆ ಬೆಳೆಯ ಬೆಲೆಯ ಪ್ರಶ್ನೆ ಒಂದು, ಬಾಯಿಯೊಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಇನ್ನೊಂದು. ಈ ಲೇಖನ ಎರಡನೆಯದನ್ನು ಬಿಡಿಸಿ ಹೇಳುವ ಪ್ರಯತ್ನ.

ಬಾಯಿ ತೆರೆಯುವಾಗ ದವಡೆ ಏನು ಮಾಡುತ್ತದೆ

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ನೋಡಿ. ಮೊದಲು ಬೆರಳಿನಡಿ ಏನೋ ತಿರುಗಿದಂತಾಗುತ್ತದೆ, ಇನ್ನೂ ತೆರೆದಾಗ ಅದು ಮುಂದಕ್ಕೆ ಜಾರಿದಂತಾಗುತ್ತದೆ. ಅದು ಕೆಳದವಡೆಯ ಮೂಳೆಯ ತುದಿಯ ಗುಂಡು ಭಾಗ. ಬಾಯಿ ಸುಮಾರು 20ರಿಂದ 25 ಮಿಲಿಮೀಟರ್ ತೆರೆಯುವವರೆಗೆ ಅದು ಬಾಗಿಲಿನ ತಿರುಗಣಿಯಂತೆ ಇದ್ದಲ್ಲೇ ತಿರುಗುತ್ತದೆ. ಅಲ್ಲಿಂದ ಮುಂದೆ ಗಲ್ಲಾಪೆಟ್ಟಿಗೆಯ ಖಾನೆಯನ್ನು ಎಳೆದಂತೆ ತನ್ನ ಗುಳಿಯಿಂದ ಮುಂದಕ್ಕೆ ಸರಿಯುತ್ತದೆ. ಈ ಎರಡು ಚಲನೆಗಳೂ ಸರಿಯಾಗಿ ನಡೆದಾಗ ವಯಸ್ಕರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್‌ವರೆಗೆ ತೆರೆಯುತ್ತದೆ. ತಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟುಕೊಳ್ಳಲು ಬಂದರೆ ಬಾಯಿ ಸಾಕಷ್ಟು ತೆರೆಯುತ್ತಿದೆ ಎಂದು ತಿಳಿಯಬಹುದು.

ಬಾಯಿ ತೆರೆಯದಿರಲು ಕಾರಣಗಳು ಹಲವಿವೆ. ಬುದ್ಧಿ ಹಲ್ಲಿನ ಸುತ್ತ ಕೀವು ಕಟ್ಟಿದರೆ ಬಾಯಿ ಕೆಲವು ದಿನ ಹಿಡಿದುಕೊಳ್ಳುತ್ತದೆ. ಧನುರ್ವಾಯುವಿನಲ್ಲಿ ಸ್ನಾಯುಗಳು ಸೆಟೆದು ದವಡೆ ಕಚ್ಚಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಗದ್ದಕ್ಕೆ ಪೆಟ್ಟುಬಿದ್ದು ಕಿವಿಯ ಮುಂದಿನ ಕೀಲಿನೊಳಗೆ ರಕ್ತ ಹೆಪ್ಪುಗಟ್ಟಿದರೆ, ಮುಂದೆ ಅಲ್ಲಿ ಮೂಳೆಗೆ ಮೂಳೆಯೇ ಬೆಸೆದುಕೊಂಡು ದವಡೆ ಅಲುಗದಂತಾಗಬಹುದು. ಅಂಥ ಮಕ್ಕಳ ಕೆಳದವಡೆ ಬೆಳೆಯದೆ ಗದ್ದ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಆ ಸ್ಥಿತಿಯಲ್ಲಿ ಬೆಸೆದ ಮೂಳೆಯನ್ನು ಕತ್ತರಿಸಿ ಸಂದು ಮಾಡಬೇಕಾಗುತ್ತದೆ. ಅಡಿಕೆಯಿಂದ ಬರುವ ಬಿಗಿತದಲ್ಲಿ ಕೀಲು ಹೀಗೆ ಬೆಸೆದುಕೊಳ್ಳುವುದಿಲ್ಲ. ಬಾಗಿಲು, ಚೌಕಟ್ಟು, ತಿರುಗಣಿ ಎಲ್ಲವೂ ಸರಿಯಿದ್ದು, ಬಾಗಿಲಿನ ಎರಡೂ ಬದಿಗೆ ಯಾರೋ ಹಗ್ಗ ಬಿಗಿದ ಹಾಗೆ ಇದು. ಹಗ್ಗ ಇರುವುದು ಕೆನ್ನೆಯೊಳಗೆ.

ನಾರು ಹುಟ್ಟುವ ಬಗೆ

ಕೆನ್ನೆಯ ಒಳಮೈ ತೆಳುವಾದ, ತೇವವಾದ, ಹಿಗ್ಗಬಲ್ಲ ಪದರ. ಅದರ ಕೆಳಗೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸಡಿಲವಾಗಿ ಹೆಣೆದುಕೊಂಡಿರುತ್ತವೆ. ಈ ಎಳೆಗಳು ನಿಂತ ನೀರಲ್ಲ. ಒಂದು ಕಡೆ ಹೊಸ ಎಳೆಗಳನ್ನು ಜೀವಕೋಶಗಳು ನೇಯುತ್ತಿರುತ್ತವೆ, ಇನ್ನೊಂದು ಕಡೆ ಹಳೆಯವನ್ನು ಕಿಣ್ವಗಳು ಕರಗಿಸುತ್ತಿರುತ್ತವೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯವರಿಗೆ ಇದನ್ನು ನೂಲಿನ ಲೆಕ್ಕದಲ್ಲಿ ಹೇಳುವುದು ಸುಲಭ: ನೂಲುವುದೂ ಬಿಚ್ಚುವುದೂ ಸಮವಾಗಿ ನಡೆದಷ್ಟು ದಿನ ಬಟ್ಟೆ ಮೆತ್ತಗಿರುತ್ತದೆ. ನೂಲುವುದು ಹೆಚ್ಚಾಗಿ, ಬಿಚ್ಚುವುದು ನಿಂತು, ಎಳೆಗಳ ನಡುವೆ ಗಂಟು ಬೀಳತೊಡಗಿದರೆ ಅದೇ ಬಟ್ಟೆ ಹಗ್ಗವಾಗುತ್ತದೆ. ಅಡಿಕೆ ಈ ಮೂರೂ ಕೆಲಸಗಳಿಗೆ ಕಾರಣವಾಗುತ್ತದೆ ಎಂಬುದು ದಶಕಗಳ ಸಂಶೋಧನೆಯಿಂದ ತಿಳಿದುಬಂದ ಸಂಗತಿ.

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರಸತ್ವವಿದೆ. ಜಗಿದಾಗ ಮೈ ಬೆಚ್ಚಗಾಗುವುದು, ಎಚ್ಚರ ಹೆಚ್ಚಾದಂತೆ ಅನಿಸುವುದು, ಮತ್ತೆ ಮತ್ತೆ ಬೇಕೆನಿಸುವುದು ಇದರಿಂದಲೇ. ಸುಣ್ಣ ಸೇರಿದಾಗ ಅರೆಕೋಲಿನ್‌ನ ಒಂದು ಭಾಗ ಅರೆಕೈಡಿನ್ ಎಂಬ ಇನ್ನೊಂದು ರಾಸಾಯನಿಕವಾಗಿ ಬದಲಾಗುತ್ತದೆ. ಇವು ಎಳೆ ನೇಯುವ ಜೀವಕೋಶಗಳನ್ನು ಪ್ರಚೋದಿಸುತ್ತವೆ, ಅಂದರೆ ನೂಲುವ ಕೆಲಸ ಹೆಚ್ಚುತ್ತದೆ.

ಎರಡನೆಯದು ಚೊಗರು. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದವರ ಕೈ ಕೆಂಪಗಾಗಿಸುವ, ಅಡಿಕೆಗೆ ಬಣ್ಣ ಹಿಡಿಸುವ ಆ ಒಗರು ನೀರಿನಲ್ಲಿರುವುದು ಮುಖ್ಯವಾಗಿ ಟ್ಯಾನಿನ್‌ಗಳು. ಚಿತ್ರದುರ್ಗದ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದದ್ದನ್ನು ಹಿರಿಯರು ಬಲ್ಲರು. ತೊಗಟೆಯ ಟ್ಯಾನಿನ್ ಹಸಿ ತೊಗಲಿನ ಕೊಲಾಜೆನ್ನಿಗೆ ಅಂಟಿಕೊಂಡು, ಅದು ಕೊಳೆಯದಂತೆ, ಕಿಣ್ವಗಳಿಗೆ ಕರಗದಂತೆ ಮಾಡುತ್ತದೆ. ಹದವಾದ ಚರ್ಮ ವರ್ಷಗಟ್ಟಲೆ ಬಾಳುವುದು ಇದರಿಂದ. ದಿನವಿಡೀ ಕೆನ್ನೆಯಲ್ಲಿ ಅಡಿಕೆ ಇಟ್ಟುಕೊಂಡವರ ಬಾಯಿಯೊಳಗಿನ ಕೊಲಾಜೆನ್ನಿಗೂ ಇಂಥದ್ದೇ ರಕ್ಷಣೆ ಸಿಗುತ್ತದೆ. ಚಪ್ಪಲಿಗೆ ಬೇಕಾದ ಈ ಗುಣ ಕೆನ್ನೆಗೆ ಬೇಕಾಗಿಲ್ಲ. ಹಳೆಯ ಎಳೆಗಳನ್ನು ಕರಗಿಸುವ ಕೆಲಸ ಇಲ್ಲಿ ನಿಧಾನವಾಗುತ್ತದೆ.

ಮೂರನೆಯದು ತಾಮ್ರ. ಅಡಿಕೆಯಲ್ಲಿ ತಾಮ್ರದ ಅಂಶ ಬೇರೆ ಅನೇಕ ಕಾಯಿಗಳಿಗಿಂತ ಹೆಚ್ಚು. ಕೊಳೆರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಸಿಂಪಡಿಸುವ ಬೋರ್ಡೋ ದ್ರಾವಣದಿಂದಲೂ ಅದಕ್ಕೆ ತಾಮ್ರ ಸೇರಬಹುದೇ ಎಂಬುದನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ಕೊಲಾಜೆನ್ ಎಳೆಗಳ ನಡುವೆ ಗಂಟು ಹಾಕುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ತಾಮ್ರವಿಲ್ಲದೆ ಕೆಲಸ ಮಾಡಲಾರದು. ಈ ಕಾಯಿಲೆಯಿರುವವರ ಕೆನ್ನೆಯ ತುಣುಕುಗಳನ್ನು ಪರೀಕ್ಷಿಸಿದಾಗ ಈ ಕಿಣ್ವದ ಚಟುವಟಿಕೆ ಹೆಚ್ಚಿರುವುದು ಕಂಡುಬಂದಿದೆ.

ಇದರ ಜೊತೆಗೆ, ಗಟ್ಟಿ ಅಡಿಕೆ ದಿನವೂ ಉಜ್ಜುವುದರಿಂದ ಒಳಮೈಯಲ್ಲಿ ಕಣ್ಣಿಗೆ ಕಾಣದ ಗಾಯಗಳಾಗಿ ಉರಿಯೂತ ಆರದೆ ಉಳಿಯುತ್ತದೆ. ನಾರು ದಟ್ಟವಾದಂತೆ ಅದರ ನಡುವಿನ ಸಣ್ಣ ರಕ್ತನಾಳಗಳು ಅಮುಕಿಕೊಳ್ಳುತ್ತವೆ, ಗುಲಾಬಿ ಬಣ್ಣದ ಕೆನ್ನೆಯ ಒಳಮೈ ಬಿಳಿಚಿ ಅಮೃತಶಿಲೆಯಂತೆ ಕಾಣುತ್ತದೆ, ಮೇಲಿನ ಪದರ ತೆಳುವಾಗುತ್ತದೆ. ತೆಳುವಾದ ಪದರಕ್ಕೆ ಖಾರ ತಾಗಿದರೆ ಉರಿ ಹೆಚ್ಚು. ಹಿಂದೆ ಮೆಣಸಿನಕಾಯಿಯೇ ಈ ಕಾಯಿಲೆಗೆ ಕಾರಣವಿರಬಹುದೆಂದು ಸಂಶೋಧಕರೂ ಶಂಕಿಸಿದ್ದುಂಟು. ಮುಂದಿನ ಸಮೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ. ಖಾರವು ಇರುವ ಕಾಯಿಲೆಯನ್ನು ತೋರಿಸಿಕೊಡುತ್ತದೆ, ಹುಟ್ಟಿಸುವುದಿಲ್ಲ.

ಜಗಿಯುವವರೆಲ್ಲರಿಗೂ ಇದು ಬರುವುದಿಲ್ಲ. ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ, ದಿನಕ್ಕೆ ಎಷ್ಟು ಬಾರಿ, ಹುಟ್ಟಿನಿಂದ ಬಂದ ವಂಶವಾಹಿಗಳು ಹೇಗಿವೆ, ರಕ್ತಹೀನತೆ ಇದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. "ನಮ್ಮಜ್ಜ ಎಂಬತ್ತು ವರ್ಷ ಎಲೆ ಅಡಿಕೆ ಹಾಕಿದ, ಏನೂ ಆಗಲಿಲ್ಲ" ಎನ್ನುವ ಮಾತು ಸುಳ್ಳಲ್ಲ, ಆದರೆ ಅದು ಒಬ್ಬ ಅಜ್ಜನ ಕಥೆ.

ಹೆಸರು ಬಂದದ್ದು

ಬಾಯಿ ಕಿರಿದಾಗಿ ನೋವಿನಿಂದ ತೆರೆಯುವ ವಿದಾರಿ ಎಂಬ ರೋಗವನ್ನು ಸುಶ್ರುತನ ಕಾಲದ ವೈದ್ಯರು ಬಲ್ಲವರಾಗಿದ್ದರೆಂದೂ ಅದು ಇದೇ ಇರಬಹುದೆಂದೂ ಆಧುನಿಕ ಲೇಖಕರು ಹೇಳುವುದುಂಟು. ಆಧುನಿಕ ವೈದ್ಯಕೀಯದಲ್ಲಿ ಇದನ್ನು ಮೊದಲು ವಿವರಿಸಿದವರು ಶ್ವಾರ್ಟ್ಸ್. 1952ರಲ್ಲಿ, ಕೀನ್ಯಾದಲ್ಲಿ ನೆಲೆಸಿದ್ದ 5 ಮಂದಿ ಭಾರತೀಯ ಮಹಿಳೆಯರಲ್ಲಿ ಇದನ್ನು ಕಂಡು, ಕಾರಣ ತಿಳಿಯದ ಬಾಯಿಯ ಪದರದ ಸವೆತ ಎಂಬರ್ಥದ ಹೆಸರಿಟ್ಟರು. ಮರುವರ್ಷ ಮುಂಬಯಿಯ ಜೋಶಿ ಅವರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರನ್ನು ಬಳಕೆಗೆ ತಂದರು.

ತಟ್ಟೆಯ ಅಡಿಕೆ, ಪೊಟ್ಟಣದ ಅಡಿಕೆ

ಊಟದ ನಂತರ ಹಾಕಿಕೊಳ್ಳುವ ಎಲೆ ಅಡಿಕೆಯೂ ಅಂಗಡಿಯ ಪೊಟ್ಟಣವೂ ಒಂದೇ ಅಲ್ಲ ಎಂಬ ಮಾತಿನಲ್ಲಿ ತಥ್ಯವಿದೆ, ಆದರೆ ಜನ ಅಂದುಕೊಂಡಷ್ಟು ಇಲ್ಲ. ವೀಳ್ಯದೆಲೆಯ ತೂಕದ ಬಹುಪಾಲು ನೀರು. ಜೊತೆಗೆ ಅದರಲ್ಲಿ ಕ್ಯಾರೊಟಿನ್‌ನಂಥ ಉಪಯುಕ್ತ ಅಂಶಗಳೂ ಇವೆ. ಪಾನ್ ಮಸಾಲ ಮತ್ತು ಗುಟ್ಕಾಗಳಲ್ಲಿ ಎಲೆಯಿಲ್ಲ, ನೀರಿಲ್ಲ, ಇರುವುದೆಲ್ಲ ಒಣಗಿದ ಅಡಿಕೆಯ ಚೂರೇ ಹೆಚ್ಚು. ಗುಟ್ಕಾದಲ್ಲಿ ಅದಕ್ಕೆ ತಂಬಾಕು ಸೇರಿರುತ್ತದೆ. ಹೈದರಾಬಾದಿನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೊಟ್ಟಣದ ಮಸಾಲ ಜಗಿಯುತ್ತಿದ್ದ ರೋಗಿಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳಲು ಸರಾಸರಿ 2.7 ವರ್ಷ ಹಿಡಿದಿದ್ದರೆ, ಎಲೆ ಅಡಿಕೆ ಹಾಕುತ್ತಿದ್ದವರಲ್ಲಿ 8.6 ವರ್ಷ ಹಿಡಿದಿತ್ತು. ಅಂದರೆ ಎಲೆ ಅಡಿಕೆ ನಿಧಾನಿಸುತ್ತದೆ, ಪೂರ್ತಿ ಬಿಟ್ಟುಬಿಡುವುದಿಲ್ಲ.

1970ರ ದಶಕದ ನಂತರ ಪೊಟ್ಟಣಗಳು ಹರಡಿದ ಮೇಲೆ ಈ ಕಾಯಿಲೆ ಇಪ್ಪತ್ತು, ಮೂವತ್ತರ ವಯಸ್ಸಿನವರಲ್ಲಿ ಹೆಚ್ಚು ಕಾಣತೊಡಗಿತು. ಕರ್ನಾಟಕ ಸರ್ಕಾರ 2013ರ ಮೇ 31ರಂದು ಗುಟ್ಕಾ ನಿಷೇಧಿಸಿತು. ಆ ಬಳಿಕ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬಂದು, ಬೆರೆಸುವ ಕೆಲಸ ಕೊಳ್ಳುವವನ ಅಂಗೈಗೆ ವರ್ಗವಾಯಿತು.

ತಂಬಾಕಿಲ್ಲದ ಮಸಾಲ ಹಾನಿ ಮಾಡದು ಎಂಬ ನಂಬಿಕೆ ಈ ಕಾಯಿಲೆಯ ವಿಷಯದಲ್ಲಿ ನಿಲ್ಲುವುದಿಲ್ಲ. ನಾರು ಕಟ್ಟಿಸುವುದು ಮುಖ್ಯವಾಗಿ ಅಡಿಕೆ. ತಂಬಾಕು ಸೇರಿದರೆ ಕ್ಯಾನ್ಸರಿನ ಅಪಾಯ ಮತ್ತಷ್ಟು ಏರುತ್ತದೆ.

ಕ್ಯಾನ್ಸರಿನ ನಂಟು ಮತ್ತು "ಗುಂಪು 1"ರ ಅರ್ಥ

ಈ ಕಾಯಿಲೆ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ ಎಂದು ವೈದ್ಯರು ಇದನ್ನು ಗುರುತಿಸುತ್ತಾರೆ. ಕೇರಳದ ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷಗಳವರೆಗೆ ಗಮನಿಸಿದ, 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತು. ಹೆಚ್ಚಿನವರಿಗೆ ಬರಲಿಲ್ಲ ಎಂಬುದೂ, ಬಂದವರ ಪ್ರಮಾಣ ಸಣ್ಣದಲ್ಲ ಎಂಬುದೂ ಎರಡೂ ಇದೇ ಅಂಕಿಯೊಳಗಿನ ಮಾತುಗಳು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆ ಅಡಿಕೆಯನ್ನೂ, 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ತಂಬಾಕಿಲ್ಲದ ಎಲೆ ಅಡಿಕೆ ಮತ್ತು ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇಲ್ಲಿ ತುಂಬ ಗೊಂದಲವಿದೆ. ಈ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ಯಾವುದು ಎಷ್ಟು ಅಪಾಯಕಾರಿ ಎಂಬುದನ್ನಲ್ಲ. ಒಂದೇ ಗುಂಪಿನಲ್ಲಿರುವ ಎರಡು ವಸ್ತುಗಳ ಅಪಾಯದ ಪ್ರಮಾಣ ಬಹಳ ಬೇರೆಬೇರೆಯಾಗಿರಬಹುದು. ಅದೇ ಸಂಸ್ಥೆ ಮುಂದೆ ಅರೆಕೋಲಿನ್ ಒಂದನ್ನೇ ಬೇರ್ಪಡಿಸಿ ಪರಿಶೀಲಿಸಿ, ಅದನ್ನು "ತರಬಹುದು" ಎಂಬ ಕೆಳಗಿನ ಗುಂಪಿನಲ್ಲಿಟ್ಟಿತು. ಒಂದು ರಾಸಾಯನಿಕದ ಮೇಲಿರುವ ಸಾಕ್ಷ್ಯ ಕಡಿಮೆ, ಇಡೀ ಅಡಿಕೆಯನ್ನು ಜಗಿಯುವ ಮನುಷ್ಯರ ಮೇಲಿರುವ ಸಾಕ್ಷ್ಯ ಹೆಚ್ಚು ಎಂದು ಇದರ ಅರ್ಥ.

ಅಧ್ಯಯನಗಳೆಲ್ಲ ಗುಟ್ಕಾದ ಮೇಲೆ ನಡೆದವು, ಶುದ್ಧ ಅಡಿಕೆಯ ಮೇಲಲ್ಲ ಎಂಬ ಆಕ್ಷೇಪ ನಮ್ಮ ಭಾಗದಲ್ಲಿ ಕೇಳಿಬರುತ್ತದೆ. ಇದಕ್ಕೆ ಉತ್ತರ ಸಿಗುವುದು ತೈವಾನಿನಲ್ಲಿ. ಅಲ್ಲಿ ಅಡಿಕೆ ಜಗಿಯುವವರು ಸಾಮಾನ್ಯವಾಗಿ ಅದಕ್ಕೆ ತಂಬಾಕು ಸೇರಿಸುವುದಿಲ್ಲ, ಆದರೂ ಬಾಯಿಯ ಕ್ಯಾನ್ಸರ್ ಅವರಲ್ಲಿ ಹೆಚ್ಚು; 2004ರ ನಿರ್ಧಾರಕ್ಕೆ ಆಧಾರವಾದ ಸಾಕ್ಷ್ಯಗಳಲ್ಲಿ ಅಲ್ಲಿನ ಅಧ್ಯಯನಗಳಿಗೆ ದೊಡ್ಡ ಪಾಲಿದೆ. ಇದೇ ಸಂಸ್ಥೆಯ ಸಂಶೋಧಕರು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆಯ ಸೇವನೆ ಕಾರಣ. ಅವುಗಳಲ್ಲಿ 83,400 ಭಾರತದವು. ಈ ಅಂಕಿ ತಂಬಾಕು ಮತ್ತು ಅಡಿಕೆ ಎರಡನ್ನೂ ಒಟ್ಟಿಗೆ ಹಿಡಿದದ್ದು ಎಂಬುದನ್ನು ಓದುವಾಗ ಗಮನದಲ್ಲಿಡಬೇಕು.

ವೈದ್ಯರು ಏನನ್ನು ನೋಡುತ್ತಾರೆ

ಉರಿ, ಪದೇ ಪದೇ ಬರುವ ನೀರುಗುಳ್ಳೆ, ಬಾಯಿ ಒಣಗುವಿಕೆ ಮೊದಲ ಹಂತ. ಮುಂದೆ ಕೆನ್ನೆಯೊಳಗೆ ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಹುರಿಯಂಥ ಪಟ್ಟಿಗಳು ಕೈಗೆ ಸಿಗುತ್ತವೆ. ನಾಲಿಗೆ ಹೊರಚಾಚಲು, ಕೆನ್ನೆ ಉಬ್ಬಿಸಲು, ಸಿಳ್ಳೆ ಹಾಕಲು ಆಗದಾಗುತ್ತದೆ. ಕಿರುನಾಲಿಗೆ ಮುರುಟಿ ಮೊಗ್ಗಿನಂತಾಗುತ್ತದೆ. ನಾರು ಗಂಟಲಿನವರೆಗೆ ಹೋದರೆ ನುಂಗುವುದು ಕಷ್ಟವಾಗುತ್ತದೆ, ಕಿವಿ ಮಂದವಾಗುವುದೂ ಉಂಟು.

ವೈದ್ಯರು ಅಳತೆಪಟ್ಟಿಯಿಂದ ಮುಂಬಲ್ಲುಗಳ ನಡುವಿನ ಅಂತರವನ್ನು ಅಳೆಯುತ್ತಾರೆ. 35 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಆರಂಭ. 26ರಿಂದ 35, ಬಳಿಕ 15ರಿಂದ 25, ಕೊನೆಗೆ 15ಕ್ಕಿಂತ ಕಡಿಮೆ, ಹೀಗೆ ಹಂತಗಳನ್ನು ಗುರುತಿಸುವುದು 1995ರಿಂದ ಬಳಕೆಯಲ್ಲಿರುವ ಒಂದು ಪದ್ಧತಿ. ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, 2 ವಾರ ಕಳೆದರೂ ಮಾಯದ ಹುಣ್ಣಿದ್ದರೆ, ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ದಾವಣಗೆರೆಯಲ್ಲಿ ಇದಕ್ಕಾಗಿ ದೂರ ಹೋಗಬೇಕಿಲ್ಲ. 1979ರಲ್ಲಿ ಆರಂಭವಾದ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಮತ್ತು 1991ರಲ್ಲಿ ಆರಂಭವಾದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇಲ್ಲಿಯೇ ಇವೆ.

ಚಿಕಿತ್ಸೆ ಎಲ್ಲಿಯವರೆಗೆ

ಜಗಿಯುವುದನ್ನು ನಿಲ್ಲಿಸದೆ ಬೇರೆ ಯಾವ ಚಿಕಿತ್ಸೆಯೂ ಹಿಡಿಯುವುದಿಲ್ಲ. ನೂಲುವ ಯಂತ್ರ ಓಡುತ್ತಿರುವಾಗ ಹಗ್ಗ ಬಿಚ್ಚಿ ಪ್ರಯೋಜನವಿಲ್ಲ. ನಿಲ್ಲಿಸಿದರೆ ಆರಂಭದ ಉರಿ ತಗ್ಗಬಹುದು, ಕಾಯಿಲೆ ಮುಂದುವರಿಯುವುದು ನಿಧಾನವಾಗುತ್ತದೆ. ಆದರೆ ಆಗಲೇ ಗಂಟುಬಿದ್ದ ನಾರು ತಾನಾಗಿ ಕರಗುವುದು ಅಪರೂಪ. ಅರೆಕೋಲಿನ್‌ಗೆ ಒಗ್ಗಿದ ಮೈ ಬಿಡುವ ದಿನಗಳಲ್ಲಿ ತಲೆನೋವು, ಸಿಡುಕು, ನಿದ್ದೆಗೇಡನ್ನು ಅನುಭವಿಸುತ್ತದೆ. ಅದು ಮನೋದಾರ್ಢ್ಯದ ಕೊರತೆಯಲ್ಲ, ವ್ಯಸನದ ಲಕ್ಷಣ. ತಂಬಾಕೂ ಜೊತೆಗಿದ್ದರೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿ ನೆರವು ಪಡೆಯಬಹುದು.

ಸಾಧಾರಣ ಹಂತದಲ್ಲಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮತ್ತು ಎಳೆಗಳ ನಡುವಿನ ಅಂಟನ್ನು ಸಡಿಲಿಸುವ ಹೈಅಲುರೊನಿಡೇಸ್ ಎಂಬ ಕಿಣ್ವವನ್ನು ವಾರಗಟ್ಟಲೆ ಕೆನ್ನೆಯೊಳಗೇ ಚುಚ್ಚುಮದ್ದಾಗಿ ಕೊಡುತ್ತಾರೆ. ರಕ್ತದ ಹರಿವನ್ನು ಸುಧಾರಿಸುವ ಪೆಂಟಾಕ್ಸಿಫಿಲಿನ್, ಅರಿಶಿನದ ಕರ್ಕ್ಯುಮಿನ್, ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಇವುಗಳ ಮೇಲೂ ಪರೀಕ್ಷೆಗಳು ನಡೆದಿವೆ. ಬೆಳಗಾವಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಕೊಪೀನ್ ಪಡೆದ ಗುಂಪಿನ ಬಾಯಿ ಸರಾಸರಿ 3.4 ಮಿಲಿಮೀಟರ್, ಲೈಕೊಪೀನಿನ ಜೊತೆ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರ ಬಾಯಿ 4.6 ಮಿಲಿಮೀಟರ್ ಹೆಚ್ಚು ತೆರೆಯಿತು. ಔಷಧವಿಲ್ಲದ ಗುಳಿಗೆ ನುಂಗಿದ ಗುಂಪಿನಲ್ಲಿ ಬದಲಾವಣೆ ಆಗಲಿಲ್ಲ. ನಾಲ್ಕು ಮಿಲಿಮೀಟರ್ ಎಂದರೆ ಹೆಚ್ಚೇನಲ್ಲ ಅನಿಸಬಹುದು. ಎರಡು ಬೆರಳು ಮಾತ್ರ ಹಿಡಿಸುವ ಬಾಯಿಗೆ ಅದು ತುತ್ತಿನ ಗಾತ್ರವನ್ನೇ ಬದಲಿಸುವ ಅಂತರ. ಈ ಪರೀಕ್ಷೆಗಳಲ್ಲಿ ಬಳಸಿದ್ದು ಅಳೆದ ಪ್ರಮಾಣದ ಔಷಧವಾದ್ದರಿಂದ ಟೊಮೆಟೊ ಸಾರು, ಅರಿಶಿನದ ಹಾಲು ಅದಕ್ಕೆ ಬದಲಿಯಾಗುವುದಿಲ್ಲ.

ಬಾಯಿ ತೀರ ಬಿಗಿದಾಗ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದರ ಮೊದಲ ತೊಡಕು ಅರಿವಳಿಕೆಯದೇ: ಬಾಯಿ ತೆರೆಯದವರಿಗೆ ಉಸಿರಾಟದ ಕೊಳವೆಯನ್ನು ಬಾಯಿಯ ಮೂಲಕ ಇಳಿಸಲಾಗದು, ಆದ್ದರಿಂದ ಸಣ್ಣ ಕ್ಯಾಮೆರಾ ಇರುವ ಬಾಗುವ ನಳಿಕೆಯ ಸಹಾಯದಿಂದ ಮೂಗಿನ ಮೂಲಕ ಇಳಿಸುತ್ತಾರೆ, ಅನೇಕ ವೇಳೆ ರೋಗಿ ಎಚ್ಚರವಾಗಿರುವಾಗಲೇ. ಬಳಿಕ ಕೆನ್ನೆಯೊಳಗಿನ ನಾರಿನ ಪಟ್ಟಿಗಳನ್ನು ಕತ್ತರಿಸಿ ಬಾಯಿಯನ್ನು ಅಗಲಿಸುತ್ತಾರೆ. ಕತ್ತರಿಸಿದ ಜಾಗವನ್ನು ಹಾಗೇ ಬಿಟ್ಟರೆ ಗಾಯ ಮಾಯುತ್ತ ಮತ್ತೆ ಕುಗ್ಗುವುದರಿಂದ, ಅಲ್ಲಿಗೆ ಮೂಗಿನ ಪಕ್ಕದ ಚರ್ಮವನ್ನೋ ಕೆನ್ನೆಯ ಒಳಗಿರುವ ಕೊಬ್ಬಿನ ಉಂಡೆಯನ್ನೋ ತೊಡೆಯಿಂದ ತೆಗೆದ ತೆಳು ಚರ್ಮವನ್ನೋ ಹೊದಿಸುತ್ತಾರೆ.

ಇಷ್ಟರ ಮೇಲೂ ಬಾಯಿ ಸಾಲದಷ್ಟೇ ತೆರೆದರೆ ಸರದಿ ಮೂಳೆಯದು. ಕೆಳದವಡೆಯ ಹಿಂಭಾಗ ಮೇಲಕ್ಕೆ ಎರಡು ಕವಲಾಗಿ ಏಳುತ್ತದೆ: ಹಿಂದಿನದು ಕೀಲಿನೊಳಗೆ ತಿರುಗುವ ಗುಂಡು ಭಾಗ, ಮುಂದಿನದು ಕೊರೊನಾಯ್ಡ್ ಎಂಬ ಚೂಪು ಮೊನೆ. ಕಣತಲೆಯಿಂದ ಇಳಿದುಬರುವ ಬಲವಾದ ಜಗಿಯುವ ಸ್ನಾಯು ಈ ಮೊನೆಗೇ ಅಂಟಿಕೊಂಡಿರುತ್ತದೆ. ವರ್ಷಗಟ್ಟಲೆ ಬಾಯಿ ಪೂರ್ತಿ ತೆರೆಯದೆ ಇದ್ದಾಗ ಆ ಸ್ನಾಯುವೂ ಅದರ ಕಟ್ಟೂ ಗಿಡ್ಡವಾಗಿ ಗಟ್ಟಿಯಾಗುತ್ತವೆ. ಆಗ ಶಸ್ತ್ರಚಿಕಿತ್ಸಕರು ಈ ಮೊನೆಯನ್ನು ಕತ್ತರಿಸಿ ಆ ಎಳೆತದಿಂದ ದವಡೆಯನ್ನು ಬಿಡಿಸುತ್ತಾರೆ. ಜಗಿಯಲು ಬೇರೆ ಸ್ನಾಯುಗಳಿರುವುದರಿಂದ ಆಮೇಲೂ ಊಟ ಮಾಡಬಹುದು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ತೆರೆದ ಬಾಯಿಯನ್ನು ಉಳಿಸಿಕೊಳ್ಳುವ ಕೆಲಸ ರೋಗಿಯದು. ಐಸ್‌ಕ್ರೀಂ ಕಡ್ಡಿಯಂಥ ಚಪ್ಪಟೆ ಮರದ ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ, ನೋವು ತಡೆಯುವಷ್ಟು ಹೊತ್ತು ಹಿಡಿದು, ಕೆಲವು ದಿನಕ್ಕೊಂದರಂತೆ ಕಡ್ಡಿ ಹೆಚ್ಚಿಸುತ್ತ ಹೋಗುವ ವ್ಯಾಯಾಮವನ್ನು ದಿನಕ್ಕೆ ಹಲವು ಬಾರಿ, ಕನಿಷ್ಠ 6 ತಿಂಗಳು ಮಾಡಬೇಕಾಗುತ್ತದೆ. ನೋವಿಗೆ ಹೆದರಿ ಬಿಟ್ಟವರ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ. ಬಾಯಿ ಚೆನ್ನಾಗಿ ತೆರೆಯತೊಡಗಿದ ಮೇಲೂ ಆ ಒಳಪದರ ಹಿಂದಿನಂತಿರುವುದಿಲ್ಲವಾದ್ದರಿಂದ, ನೋವಿಲ್ಲದಿದ್ದರೂ ಕೆಲವು ತಿಂಗಳಿಗೊಮ್ಮೆ ದಂತ ವೈದ್ಯರಿಗೆ ಬಾಯಿ ತೋರಿಸುತ್ತಿರಬೇಕು.